ಅನುಕರಣೆಯ ಪ್ರಶ್ನೆ ಮತ್ತು ದಲಿತ ಬರಹಗಾರ

ಕನ್ನಡ ವಿಮರ್ಶೆಯಲ್ಲಿ ಕೆಲವು ಶಬ್ದಗಳು ಜಾತಿ ನೋಡಿ ಬಳಕೆಯಾಗುತ್ತವೆ. ‘ಪ್ರಭಾವ’ ಮತ್ತು ‘ಅನುಕರಣೆ’ ಅಂಥ ಒಂದು ಜೋಡಿ. ಬಿ.ಎಂ.ಶ್ರೀಯವರು ಇಂಗ್ಲಿಷ್ ಪದ್ಯಗಳನ್ನು ಮುಂದಿಟ್ಟುಕೊಂಡು ಅವುಗಳ ನಡಿಗೆಯನ್ನು ಕನ್ನಡಕ್ಕೆ ಕಲಿಸಿದರು. 1926ರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯಕ್ಕೆ ಬಾಗಿಲಾಯಿತು. ಅದನ್ನು ಯಾರೂ ನಕಲು ಅನ್ನಲಿಲ್ಲ, ಅನ್ನಬೇಕಾದ್ದೂ ಇಲ್ಲ. ಅಡಿಗರು ಎಲಿಯಟ್‌ನಿಂದ ಪಡೆದದ್ದು ಪ್ರಭಾವ. ನವ್ಯದ ಕತೆಗಾರರು ಕಾಮು, ಕಾಫ್ಕಾರಿಂದ ತಂದದ್ದು ಸಂವೇದನೆ. ಹಟ್ಟಿಯ ಹುಡುಗನೊಬ್ಬ ಸಿದ್ಧಲಿಂಗಯ್ಯನವರನ್ನು ಓದಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಹತ್ತು ಸಾಲು ಬರೆದರೆ ಮಾತ್ರ ಅದು ಅನುಕರಣೆ!

ಎಂ.ಎನ್. ಶ್ರೀನಿವಾಸರು 1952ರಲ್ಲಿ ಕೊಡವರ ಬಗೆಗಿನ ಪುಸ್ತಕದಲ್ಲಿ ‘ಸಂಸ್ಕೃತೀಕರಣ’ದ ಪರಿಕಲ್ಪನೆ ತಂದ ಮೇಲಂತೂ, ಅನುಕರಣೆ ಅಂದರೆ ಕೆಳಗಿನವರು ಮೇಲಿನವರನ್ನು ನೋಡಿ ಮಾಡುವುದು ಎಂಬ ಚಿತ್ರ ಓದಿದವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಈ ಆಪಾದನೆಗೆ ನಮ್ಮವರು ಕೊಟ್ಟ ಉತ್ತರವೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ‘ನಾವು ಯಾರನ್ನೂ ಅನುಕರಿಸಿದವರಲ್ಲ, ಅನುಭವವೇ ನಮ್ಮ ಗುರು’ ಅಂತ ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೇವೆ. ವೇದಿಕೆಗೆ ಒಳ್ಳೆಯ ಮಾತು. ಆದರೆ ಬರೆಯಲು ಕೂತವನಿಗೆ ಇದರಿಂದ ಪ್ರಯೋಜನವಿಲ್ಲ. ಯಾಕಂದ್ರೆ ಅನುಭವ ತಾನಾಗಿ ವಾಕ್ಯ ಕಟ್ಟಿಕೊಡುವುದಿಲ್ಲ. ವಾಕ್ಯವನ್ನು ಯಾರಿಂದಲೋ ಕಲಿಯಬೇಕು. ಯಾರಿಂದ, ಹೇಗೆ, ಕಲಿಯುವಾಗ ಜೊತೆಗೆ ಇನ್ನೇನು ಒಳಗೆ ನುಗ್ಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ. ಕತೆ ಕಮ್ಮಟಗಳಲ್ಲಿ ಹುಡುಗ ಹುಡುಗಿಯರ ಬರವಣಿಗೆ ಓದುತ್ತ ನನಗೆ ಕಂಡದ್ದನ್ನೇ ಇಲ್ಲಿ ಹೆಚ್ಚಾಗಿ ಹೇಳುತ್ತೇನೆ.

ಏಕಲವ್ಯನ ಕತೆ ನಮ್ಮ ಭಾಷಣಗಳಲ್ಲಿ ಸವೆದುಹೋಗಿದೆ. ಆದರೂ ಒಂದು ಮಾತು. ಎಲ್ಲರೂ ಅವನ ಹೆಬ್ಬೆರಳನ್ನೇ ನೋಡುತ್ತಾರೆ. ಅದಕ್ಕೂ ಮುಂಚೆ ಅವನು ಮಾಡಿದ್ದು ಅನುಕರಣೆ. ಮಣ್ಣಿನ ಬೊಂಬೆ ಇಟ್ಟುಕೊಂಡು, ಅಪ್ಪಣೆಯಿಲ್ಲದೆ ಕಲಿತ. ದ್ರೋಣನ ಗುಂಪಿಗೆ ದಿಗಿಲು ಹುಟ್ಟಿದ್ದು ಆ ಅನುಕರಣೆ ಅಷ್ಟು ಚೆನ್ನಾಗಿ ಆಗಿದ್ದರಿಂದ.

ಪುರಾಣ ಬಿಟ್ಟು ಚರಿತ್ರೆಗೆ ಬಂದರೆ ನನಗೆ ಮೊದಲು ನೆನಪಾಗುವವರು ಅಮೆರಿಕದ ಫ್ರೆಡರಿಕ್ ಡಗ್ಲಾಸರು. ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು, 1845ರಲ್ಲಿ ತಮ್ಮ ಬದುಕಿನ ಕತೆ ಬರೆದವರು. ಬಾಲ್ಟಿಮೋರಿನ ಯಜಮಾನಿ ಅವರಿಗೆ ನಾಲ್ಕು ಅಕ್ಷರ ಹೇಳಿಕೊಡಲು ಶುರುಮಾಡಿದಳು, ಗಂಡ ತಡೆದ. ಮುಂದಿನದನ್ನು ಅವರು ಕದ್ದು ಕಲಿತರು. ಹಡಗು ಕಟ್ಟುವ ಅಂಗಳದಲ್ಲಿ ಮರದ ತೊಲೆಗಳ ಮೇಲೆ, ಯಾವ ತುಂಡು ಯಾವ ಕಡೆಗೆ ಅಂತ ಬಡಗಿಗಳು ಗುರುತಿಗೆ ಬರೆಯುತ್ತಿದ್ದ ಒಂದೊಂದು ಅಕ್ಷರ ನೋಡಿ ತಿದ್ದಿದರು. ಆಮೇಲೆ ಯಜಮಾನರ ಮಗ ಶಾಲೆಯಲ್ಲಿ ಬರೆದು ಮುಗಿಸಿದ ಕಾಪಿ ಪುಸ್ತಕಗಳು ಸಿಕ್ಕವು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಆ ಪುಸ್ತಕದ ಸಾಲುಗಳ ನಡುವೆ ಉಳಿದ ಖಾಲಿ ಜಾಗದಲ್ಲಿ, ಆ ಹುಡುಗ ಬರೆದದ್ದನ್ನೇ ನೋಡಿ ಬರೆಯುತ್ತಿದ್ದರಂತೆ. ಬರೆದೂ ಬರೆದೂ ಕೈಬರಹ ಯಜಮಾನರ ಮಗನದರ ಹಾಗೇ ಆಯಿತು.

ಈ ಚಿತ್ರವನ್ನು ನಿಧಾನವಾಗಿ ನೋಡಬೇಕು. ಪುಸ್ತಕ ಯಜಮಾನರದು, ಮೇಲಿನ ಸಾಲು ಯಜಮಾನರದು, ಅಕ್ಷರದ ತಿರುವು ಕೂಡ ಯಜಮಾನರದು. ಉಳಿದ ಖಾಲಿ ಜಾಗ ಮಾತ್ರ ಯಾರದೂ ಅಲ್ಲ. ಅಲ್ಲಿ ಕಲಿತ ಕೈಯೇ ಮುಂದೆ ಯಜಮಾನಿಕೆಯ ವಿರುದ್ಧ ಬರೆಯಿತು. ಹೀಗಾಗಿ ಯಜಮಾನರ ಭಾಷೆಯಲ್ಲಿ ಕಲಿತವನು ಯಜಮಾನರ ಮಾತನ್ನೇ ಆಡುತ್ತಾನೆ ಎನ್ನುವ ಸರಳ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ನಮ್ಮಲ್ಲೂ ಇದಕ್ಕೆ ಹಿರಿಯರಿದ್ದಾರೆ. ಹನ್ನೆರಡನೆಯ ಶತಮಾನದ ಉರಿಲಿಂಗಪೆದ್ದಿ ಅಸ್ಪೃಶ್ಯ ಜಾತಿಯವರು. ಕಳ್ಳತನಕ್ಕೆ ಹೋದ ಮನೆಯಲ್ಲಿ ಗುರು ದೀಕ್ಷೆ ಕೊಡುತ್ತಿದ್ದುದನ್ನು ಕಂಡು ಮನಸ್ಸು ತಿರುಗಿತು ಎಂದು ಐತಿಹ್ಯ. ಇಲ್ಲೂ ನೋಡಿ, ಮರೆಯಲ್ಲಿ ನಿಂತು ನೋಡಿ ಕಲಿಯುವುದೇ ಕತೆ. ಅವರ ವಚನಗಳಲ್ಲಿ ಸಂಸ್ಕೃತದ ಉಲ್ಲೇಖ ಹೇರಳವಾಗಿದೆ. ಓದುವ ನಮ್ಮ ಹುಡುಗರಿಗೆ ಇದು ಮುಜುಗರ: ‘ಇದೇನ್ ಸಾರ್, ಇವ್ರೂ ಪಂಡಿತರ ಥರಾನೇ ಬರೆದವ್ರೆ?’ ಹೌದು, ಬರೆದಿದ್ದಾರೆ. ಕೇಳಲೂಬಾರದು ಅನ್ನಿಸಿಕೊಂಡ ಬಾಯಿ ಶ್ರುತಿ ವಾಕ್ಯವನ್ನು ತನ್ನ ಪಕ್ಷದ ಸಾಕ್ಷಿಯಾಗಿ ಕರೆದು ನಿಲ್ಲಿಸುತ್ತದೆ. ರೂಪ ಪಂಡಿತರದು, ಕಟಕಟೆಯಲ್ಲಿ ನಿಂತಿರುವುದು ಬೇರೆ ಯಾರೋ. ಹತ್ತೊಂಬತ್ತನೆಯ ಶತಮಾನದಲ್ಲಿ ಜೋತಿಬಾ ಫುಲೆ ಶಾಹಿರರ ಪವಾಡ ಪ್ರಕಾರವನ್ನೇ ತೆಗೆದುಕೊಂಡು 1869ರಲ್ಲಿ ಶಿವಾಜಿಯ ಮೇಲೆ ಬರೆದರು. ಅಂಬೇಡ್ಕರರು 1920ರಲ್ಲಿ ‘ಮೂಕನಾಯಕ’ ಶುರುಮಾಡಿದಾಗ ಪತ್ರಿಕೆಯ ತಲೆಯ ಮೇಲೆ ತುಕಾರಾಮರ ಅಭಂಗ ಇಟ್ಟರು. 1972ರಲ್ಲಿ ದಲಿತ್ ಪ್ಯಾಂಥರ್ಸ್ ಅಮೆರಿಕದ ಕಪ್ಪು ಜನರ ಸಂಘಟನೆಯಿಂದ ಹೆಸರನ್ನೇ ಎತ್ತಿಕೊಂಡು ಬಂತು. ಇವರಲ್ಲಿ ಯಾರೂ ‘ಸ್ವಂತದ್ದು ಅಲ್ಲ’ ಅಂತ ತಲೆ ಕೆಡಿಸಿಕೊಂಡವರಲ್ಲ.

ಹಾಗಾದರೆ ತೊಡಕು ಎಲ್ಲಿದೆ? ನಾವು ಬೇಕೆಂದು ಅನುಕರಿಸುವುದರಲ್ಲಿ ತೊಡಕಿಲ್ಲ. ಅರಿವಿಲ್ಲದೆ ಜೊತೆಗೆ ಬರುವುದರಲ್ಲಿ ಇದೆ. ಮೆಚ್ಚಿದ ಲೇಖಕರ ಶಬ್ದಗಳನ್ನು ತೆಗೆದುಕೊಂಡೆ ಅಂತ ಹುಡುಗ ತಿಳಿದಿರುತ್ತಾನೆ. ತೆಗೆದುಕೊಂಡಿರುವುದು ಅವರು ನಿಂತ ಜಾಗವನ್ನು.

ಒಂದು ಕಮ್ಮಟದಲ್ಲಿ ಕೇರಿಯ ಹುಡುಗನ ಕತೆ ಹೀಗೆ ಶುರುವಾಗಿತ್ತು: ‘ಊರಾಚೆಯ ಕೇರಿಯಲ್ಲಿ ಹತ್ತಾರು ಗುಡಿಸಲುಗಳಿದ್ದವು. ಕೊಳಕು ಬಟ್ಟೆಯ ಮಕ್ಕಳು ಧೂಳಿನಲ್ಲಿ ಆಡುತ್ತಿದ್ದರು.’ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ. ನಾನು ಕೇಳಿದೆ: ನಿನ್ನ ಮನೆ ಎಲ್ಲಪ್ಪ? ‘ಕೇರೀಲೇ ಸಾರ್.’ ಹಾಗಾದರೆ ‘ಆಚೆ’ ಯಾವುದು? ಹುಡುಗ ಸುಮ್ಮನಾದ. ಕೇರಿಯಲ್ಲಿ ನಿಂತವನಿಗೆ ಆಚೆ ಇರುವುದು ಊರು. ‘ನಮ್ಮ ಕೇರಿ ಮುಗಿದರೆ ಹಳ್ಳ, ಹಳ್ಳ ದಾಟಿದರೆ ಊರು’ ಅಂತ ಬರೆದ ತಕ್ಷಣ ಕತೆಯ ಭೂಪಟವೇ ತಿರುಗುತ್ತದೆ. ಕೊಳಕು ಬಟ್ಟೆ ಕೂಡ ಹಾಗೇ. ಜೊತೆಗೆ ಆಡುವ ಮಗು ಇನ್ನೊಂದು ಮಗುವಿನ ಬಟ್ಟೆಯ ಕೊಳೆಯನ್ನು ಮೊದಲು ನೋಡುವುದಿಲ್ಲ. ನೋಡುವುದು ಜಟಕಾದಿಂದ ಇಳಿದವರು. ಈ ಹುಡುಗ ತನ್ನ ತಮ್ಮ ತಂಗಿಯರನ್ನು ಜಟಕಾದಿಂದ ಇಳಿದು ನೋಡುತ್ತಿದ್ದ. ಆ ನೋಟ ಅವನಿಗೆ ಪಠ್ಯಪುಸ್ತಕದ ಒಳ್ಳೆಯ ಗದ್ಯದಿಂದ ಬಂದದ್ದು.

ಕಾರಂತರ ‘ಚೋಮನ ದುಡಿ’ (1933) ಆ ಕಾಲಕ್ಕೆ ದೊಡ್ಡ ಕೆಲಸ. ಹೊಲ ಉಳಬೇಕೆಂಬ ಅಸ್ಪೃಶ್ಯನ ಆಸೆಯನ್ನು ಕಾದಂಬರಿಯ ನಡುಮಧ್ಯಕ್ಕೆ ತಂದರು. ಆದರೆ ಚೋಮನ ಕತೆಯನ್ನು ಹೇಳುವ ದನಿ ಚೋಮನ ಗುಡಿಸಲಿನ ಹೊರಗಿನದು, ಮರುಕ ಇರುವ ದನಿ. ಮರುಕವನ್ನು ಅನುಕರಿಸುವುದು ಬಹಳ ಸುಲಭ, ಅದಕ್ಕೇ ಅಪಾಯ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ನಾಯಿಗುತ್ತಿಯನ್ನು ಕಾಡಿನಲ್ಲಿ ನಡೆಸುವಾಗ ಬೇರೆ ರೀತಿ ಇದೆ. ಗುತ್ತಿಗೆ ಅವಸರವಿದೆ, ಉಪಾಯವಿದೆ, ಪ್ರೀತಿಯಿದೆ, ನಾಯಿಯಿದೆ. ಮರುಕಕ್ಕೆ ಅಲ್ಲಿ ಪುರುಸೊತ್ತಿಲ್ಲ. ಕಲಿಯುವವನು ಕುವೆಂಪು ಅವರ ವರ್ಣನೆಯ ಉದ್ದ ವಾಕ್ಯ ತೆಗೆದುಕೊಳ್ಳುವ ಬದಲು ಈ ಪುರುಸೊತ್ತಿಲ್ಲದಿರುವುದನ್ನು ತೆಗೆದುಕೊಂಡರೆ ಲಾಭ.

ಹೀಗೆ ಅರಿವಿಲ್ಲದೆ ನುಸುಳುವುದರಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕ್ರಿಯಾಪದದ ತುದಿ. ಕನ್ನಡದಲ್ಲಿ ‘ಬಂದ’ ಅನ್ನಬೇಕೋ ‘ಬಂದರು’ ಅನ್ನಬೇಕೋ ಎಂದು ಪ್ರತಿ ವಾಕ್ಯದಲ್ಲೂ ತೀರ್ಮಾನಿಸಬೇಕು. ಇಂಗ್ಲಿಷಿನವನಿಗೆ ಈ ಕಷ್ಟವಿಲ್ಲ. ಕಮ್ಮಟಕ್ಕೆ ಬರುವ ಹತ್ತು ಕತೆಗಳಲ್ಲಿ ಏಳೆಂಟರಲ್ಲಿ ಈ ಬಗೆಯ ಸಾಲು ಸಿಗುತ್ತದೆ: ‘ಗೌಡರು ಬಂದರು. ಮಾರ ಎದ್ದು ನಿಂತ.’ ಬರೆದವನಿಗೆ ಮಾರ ಸ್ವಂತ ಅಜ್ಜ ಇರಬಹುದು. ಮನೆಯಲ್ಲಿ ಅವನು ‘ತಾತ ಬಂತು’ ಅನ್ನುತ್ತಾನೆ, ನೆರೆಯವರು ‘ಮಾರಣ್ಣ’ ಅನ್ನುತ್ತಾರೆ. ಕಾಗದದ ಮೇಲೆ ಪೆನ್ನು ಇಟ್ಟ ಕೂಡಲೆ ತಾತ ಬರಿಯ ಮಾರನಾದ, ಗೌಡರಿಗೆ ‘ರು’ ಬಂತು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನೂರು ಕತೆ ಓದಿದಾಗ ನೂರು ಸಲ ಕಣ್ಣಿಗೆ ಬಿದ್ದದ್ದು ಕೈಗೆ ಇಳಿದಿದೆ ಅಷ್ಟೆ. (ಈ ಲೇಖನದಲ್ಲಿ ಡಗ್ಲಾಸರಿಗೆ ಬಹುವಚನ ಹಾಕಿದ್ದೇನೆ, ಮುಂದೆ ಬರುವ ಫ್ರಾಂಕ್ಲಿನ್‌ಗೆ ಹಾಕುವುದಿಲ್ಲ. ಬೇಕೆಂದೇ.)

ಈಗ ನಮ್ಮವರನ್ನೇ ಅನುಕರಿಸುವ ವಿಚಾರ. 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಎದ್ದ ಗಲಾಟೆ, ಅವರು ಅಧಿಕಾರ ಬಿಡಬೇಕಾದದ್ದು ಎಲ್ಲರಿಗೂ ಗೊತ್ತು. ಬೂಸಾ ಬೇಡ ಅಂದ ಮೇಲೆ ಏನು ಓದಿ ಕಲಿಯಬೇಕು ಅನ್ನುವ ಪ್ರಶ್ನೆ ಉಳಿಯಿತು. ಉತ್ತರ ಬೇಗನೆ ಬಂತು. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, 1984ರಲ್ಲಿ ‘ಕುಸುಮಬಾಲೆ’. ನಮ್ಮ ತಲೆಮಾರಿಗೆ ನಮ್ಮವೇ ಮೇಲಿನ ಸಾಲುಗಳು ಸಿಕ್ಕವು.

ಆಮೇಲೆ ಆದದ್ದೇನು? ‘ಹೊಲೆಮಾದಿಗರ ಹಾಡು’ ಓದಿದವರು ಅದರ ಆಜ್ಞೆಯ ಕ್ರಿಯಾಪದವನ್ನು ಎತ್ತಿಕೊಂಡರು. ಎಲ್ಲ ಪದ್ಯವೂ ಏಳಿ, ಹೊಡೆಯಿರಿ, ಸುಡಿ. ಅದೇ ಕವಿ ‘ಊರು ಕೇರಿ’ಯಲ್ಲಿ ತಮ್ಮ ತಂದೆ ನೊಗಕ್ಕೆ ಹೆಗಲು ಕೊಟ್ಟದ್ದನ್ನು ಹೇಳುವಾಗ ದನಿ ಏರಿಸುವುದಿಲ್ಲ, ಪುಸ್ತಕದ ಉದ್ದಕ್ಕೂ ನಗಿಸುತ್ತಾರೆ. ಈ ನಗುವಿನ ಶಕ್ತಿಯನ್ನು ಡಿ.ಆರ್. ನಾಗರಾಜ್ ಗುರುತಿಸಿದರು. ಆದರೂ ಸಿದ್ಧಲಿಂಗಯ್ಯನವರ ಸಿಟ್ಟನ್ನು ಅನುಕರಿಸಿದವರು ಸಾವಿರ, ನಗುವನ್ನು ಅನುಕರಿಸಿದವರು ಕೈಬೆರಳೆಣಿಕೆಯಷ್ಟು. 2021ರಲ್ಲಿ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿ ಪದ್ಯಗಳಲ್ಲೂ ನಾನು ಆ ನಗೆಗಾಗಿ ಹುಡುಕಿದೆ. ಅದು ಕಷ್ಟದ ಪಾಠ, ಯಾಕಂದ್ರೆ ನಗಿಸಲು ಅವಮಾನವನ್ನು ತೋಳಿನಷ್ಟು ದೂರ ಹಿಡಿಯಬೇಕು.

‘ಕುಸುಮಬಾಲೆ’ಯ ವಿಷಯ ಇನ್ನೂ ಸ್ವಾರಸ್ಯ. ನಂಜನಗೂಡು ಸೀಮೆಯ ಮಾತು ಅಲ್ಲಿ ಪಾತ್ರಗಳ ಬಾಯಲ್ಲಿ ಮಾತ್ರ ಇಲ್ಲ, ಕತೆ ಹೇಳುವವನ ಬಾಯಲ್ಲೂ ಇದೆ. ಉದ್ಧರಣ ಚಿಹ್ನೆಯ ಒಳಗೆ ಕೇರಿ ಮಾತು, ಹೊರಗೆ ಶಿಷ್ಟ ಕನ್ನಡ ಎಂಬ ಅಸ್ಪೃಶ್ಯತೆ ಅಲ್ಲಿ ಮುರಿಯಿತು. ಕಲಿಯಬೇಕಾದದ್ದು ಇದು. ಆದರೆ ಕೋಲಾರದ ಹುಡುಗ, ರಾಯಚೂರಿನ ಹುಡುಗಿ ಕಲಿತದ್ದು ನಂಜನಗೂಡಿನ ಉಚ್ಚಾರ! ತೆಲುಗು ಬೆರೆತ ಮಾತಿನ ಮನೆಯಿಂದ ಬಂದವನು ಕಾವೇರಿ ಬಯಲಿನ ಕನ್ನಡ ಬರೆದರೆ ಅವನ ಅವ್ವನಿಗೆ ಅದು ಇನ್ನೊಂದು ಶಿಷ್ಟ ಭಾಷೆಯೇ. ಇನ್ನೊಂದು ಸಂಗತಿ. ‘ಕುಸುಮಬಾಲೆ’ಯಲ್ಲಿ ಜೋತಮ್ಮಂದಿರು ರಾತ್ರಿ ಸೇರಿ ಮಾತಾಡುತ್ತಾರಲ್ಲ, ಊರಿನ ದೀಪಗಳೆಲ್ಲ ರಾತ್ರಿ ಒಂದೆಡೆ ಕೂಡಿ ಮಾತಾಡಿಕೊಳ್ಳುವ ಜನಪದ ಕತೆ ನಮ್ಮ ಅಜ್ಜಿಯರ ಬಾಯಲ್ಲಿತ್ತು. ಅಂದರೆ ಮಹಾದೇವರ ಹಿಂದೆಯೂ ಮೇಲಿನ ಸಾಲು ಇದೆ. ಅವರನ್ನು ಅನುಕರಿಸುವುದು ಅಂದರೆ ಅವರಂತೆ ಬರೆಯುವುದಲ್ಲ. ಅವರು ಯಾರ ಕಡೆ ಕಿವಿ ಇಟ್ಟರೋ ಅಂಥವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ ಅಂತ ಹುಡುಕುವುದು.

ಇನ್ನು ಮಾಡುವ ಬಗೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ‘ಸ್ಪೆಕ್ಟೇಟರ್’ ಎಂಬ ಇಂಗ್ಲಿಷ್ ಪತ್ರಿಕೆಯ ಪ್ರಬಂಧಗಳಿಂದ ಬರೆಯಲು ಕಲಿತ. ಒಂದೊಂದು ವಾಕ್ಯದ ಭಾವವನ್ನು ಎರಡು ಮೂರು ಪದದಲ್ಲಿ ಗುರುತು ಹಾಕಿಕೊಳ್ಳುವುದು, ಕೆಲವು ದಿನ ಬಿಟ್ಟು ಪುಸ್ತಕ ನೋಡದೆ ಆ ಗುರುತಿನಿಂದ ಪೂರ್ತಿ ಪ್ರಬಂಧ ಮತ್ತೆ ಕಟ್ಟುವುದು, ಆಮೇಲೆ ಮೂಲಕ್ಕೆ ಹೋಲಿಸಿ ತಿದ್ದುವುದು. ಮನುಷ್ಯ ಗುಲಾಮರನ್ನು ಇಟ್ಟುಕೊಂಡಿದ್ದವನು, ಕೊನೆಗಾಲದಲ್ಲಿ ಗುಲಾಮಗಿರಿಯ ವಿರುದ್ಧ ಸಂಘಕ್ಕೆ ಅಧ್ಯಕ್ಷನಾದವನು. ಇರಲಿ. ಉಪಾಯ ಚೆನ್ನಾಗಿದೆ, ಎತ್ತಿಕೊಳ್ಳೋಣ.

ನಾನು ಹುಡುಗರಿಗೆ ಹೇಳುವುದು ಇಷ್ಟು. ಮೆಚ್ಚಿದ ಲೇಖಕರ ಒಂದೇ ಒಂದು ಪುಟ ಆರಿಸಿಕೊಂಡು ಮೊದಲು ಕೈಯಲ್ಲಿ ಪ್ರತಿ ಮಾಡಿ. ಮೊಬೈಲಿನಲ್ಲಿ ಚಿತ್ರ ತೆಗೆದರೆ ಆಗುವುದಿಲ್ಲ. ಕಣ್ಣು ಹಾರಿಸುವುದನ್ನು ಕೈ ಹಾರಿಸಲಾರದು. ‘ಒಡಲಾಳ’ದಲ್ಲಿ ಕದ್ದು ತಂದ ಕಡಲೆಕಾಯನ್ನು ಇಡೀ ಮನೆ ರಾತ್ರಿ ಕೂತು ತಿನ್ನುವ ಭಾಗ ಇದಕ್ಕೆ ಬಹಳ ಒಳ್ಳೆಯದು. ಬರೆಯುತ್ತ ಹೋದಾಗ ಗೊತ್ತಾಗುತ್ತದೆ, ಹಸಿವಿನ ಬಗ್ಗೆ ಇಲ್ಲಿ ಭಾಷಣವಿಲ್ಲ, ತಿನ್ನುವ ಸಡಗರ ಇದೆ. ಓದುವಾಗ ಇದು ನಮಗೆ ಭಾವವಾಗಿ ತಟ್ಟುತ್ತದೆ. ಪ್ರತಿ ಮಾಡುವಾಗ ಇದು ಒಂದು ಆಯ್ಕೆ, ಯಾವ ಮಾತನ್ನು ಬಿಟ್ಟಿದ್ದಾರೆ ಎಂಬ ಲೆಕ್ಕ, ಅಂತ ಕಾಣುತ್ತದೆ.

ಪ್ರತಿ ಮಾಡಿದ ಮೇಲೆ ಫ್ರಾಂಕ್ಲಿನ್‌ನಂತೆ ಗುರುತು ಹಾಕಿ. ಆದರೆ ಭಾವಕ್ಕೆ ಬದಲು ಕೆಲಸಕ್ಕೆ ಗುರುತು ಹಾಕಿ: ಈ ವಾಕ್ಯ ಯಾರ ಕಣ್ಣಿನಿಂದ, ಇಲ್ಲಿ ಯಾರಿಗೆ ಏಕವಚನ, ಮಾತು ಎಲ್ಲಿ ತಟ್ಟನೆ ನಿಂತಿತು. ವಾರ ಬಿಟ್ಟು ಆ ಗುರುತುಗಳ ಮೇಲೆ ನಿಮ್ಮ ಮನೆಯ ಒಂದು ಸಂಗತಿ ಬರೆಯಿರಿ. ಲೇಖಕರ ಶಬ್ದ ಒಂದೂ ಬರಬಾರದು. ಊಟದ ಬಗ್ಗೆಯೇ ಬರೆಯಬೇಕು ಅಂತಿಲ್ಲ. ರೇಷನ್ ಅಂಗಡಿ ಆಗಬಹುದು, ಹಾಸ್ಟೆಲಿನ ಮೊದಲ ರಾತ್ರಿ ಆಗಬಹುದು.

ಹೋಲಿಸುವ ಹಂತದಲ್ಲಿ ಮಾತ್ರ ನಾನು ಫ್ರಾಂಕ್ಲಿನ್‌ನಿಂದ ಬೇರೆ. ತಾನು ಮೂಲಕ್ಕಿಂತ ಬೇರೆಯಾಗಿ ಬರೆದದ್ದನ್ನು ಅವನು ಹೆಚ್ಚಾಗಿ ತಪ್ಪೆಂದು ಎಣಿಸಿ ತಿದ್ದಿಕೊಂಡ. ಒಮ್ಮೊಮ್ಮೆ ತನ್ನದೇ ವಾಸಿ ಅನ್ನಿಸಿತಂತೆ. ನಮ್ಮ ಹುಡುಗರು ಬೇರೆಯಾದ ಕಡೆ ತಿದ್ದಬಾರದು, ಸುತ್ತು ಹಾಕಬೇಕು. ಯಾಕೆ ಬೇರೆಯಾಯಿತು? ಕೈಲಾಗಲಿಲ್ಲವೋ, ನಮ್ಮ ಮನೆಯ ಮಾತು ಆ ವಾಕ್ಯಕ್ಕೆ ಒಗ್ಗಲಿಲ್ಲವೋ? ಕೈಲಾಗದಿದ್ದರೆ ಮತ್ತೆ ಮಾಡಿ. ಒಗ್ಗದಿದ್ದರೆ ಅಲ್ಲೇ ನಿಲ್ಲಿ. ಡಗ್ಲಾಸರ ಖಾಲಿ ಜಾಗ ಅದು. ಅದು ಎಲ್ಲಿ ಇದೆ ಅಂತ ಹುಡುಕಲು ಮೇಲಿನ ಸಾಲು ಬೇಕೇ ಬೇಕು. ಬರಿಯ ಬಿಳಿ ಹಾಳೆಯಲ್ಲಿ ಅದು ಕಾಣುವುದಿಲ್ಲ.

ಒಗ್ಗಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಮನೆಯಲ್ಲಿ ಗಟ್ಟಿಯಾಗಿ ಓದಿ. ಅವ್ವ, ಅಜ್ಜಿ, ಚಿಕ್ಕಪ್ಪ ಯಾರಾದರೂ ಸರಿ. ಅವರು ಹೊಗಳಿದ್ದನ್ನು ಲೆಕ್ಕಕ್ಕೆ ಇಡಬೇಡಿ, ಮಗ ಬರೆದದ್ದು ಎಲ್ಲ ಚೆನ್ನಾಗಿಯೇ ಇರುತ್ತದೆ. ‘ಯಾರಂಗ್ ಮಾತಾಡ್ತಿದ್ದೀಯೋ’ ಅಂತ ಎಲ್ಲಿ ನಕ್ಕರು ನೋಡಿ. ನೀಲಗಾರರು ಮಂಟೇಸ್ವಾಮಿ ಕತೆ ಕಲಿಯುವುದೂ ಹೀಗೆಯೇ ಅಲ್ಲವೆ? ಹಿಮ್ಮೇಳದಲ್ಲಿ ವರ್ಷಾನುಗಟ್ಟಲೆ ಗುರುವಿನ ಸಾಲಿನ ತುದಿ ಹಿಡಿದು ಹಾಡಿ, ಆಮೇಲೆ ತಂಬೂರಿ ತನ್ನ ಕೈಗೆ ಬಂದಾಗ ಕತೆ ತನ್ನ ಸೀಮೆಯ ಮಾತಿಗೆ ಹೊರಳುತ್ತದೆ. ಅಲ್ಲಿ ಯಾರೂ ಅವನನ್ನು ‘ನಕಲು’ ಅನ್ನುವುದಿಲ್ಲ, ಕೇಳುವವರೇ ತಿದ್ದುತ್ತಾರೆ.

ಹುಡುಗಿಯರ ಪಾಡು ಇನ್ನೂ ಒಂದು ಸುತ್ತು ಹೆಚ್ಚು. ಇಲ್ಲಿಯವರೆಗೆ ನಾನು ಹೇಳಿದ ಕನ್ನಡದ ಹೆಸರುಗಳೆಲ್ಲ ಗಂಡಸರವು. ಕಮ್ಮಟಗಳ ಓದುಪಟ್ಟಿಗಳೂ ಬಹುಪಾಲು ಹೀಗೇ ಇರುತ್ತವೆ. ತಮಿಳಿನಲ್ಲಿ ಬಾಮಾ ಅವರ ‘ಕರುಕ್ಕು’ 1992ರಲ್ಲೇ ಚೇರಿಯ ಆಡುಮಾತಿನಲ್ಲಿ ಬಂತು. ಕನ್ನಡದಲ್ಲಿ ದು. ಸರಸ್ವತಿಯವರ ಸಣ್ತಿಮ್ಮಿ ರಾಮಾಯಣದ ಕತೆಯನ್ನೇ ತನ್ನ ನಾಲಗೆಗೆ ತಿರುಗಿಸಿಕೊಂಡು ಹೇಳುತ್ತಾಳೆ. ಮರಾಠಿಯ ಊರ್ಮಿಳಾ ಪವಾರ್ ತಮ್ಮ ಆತ್ಮಕತೆಗೆ ‘ಆಯ್ದಾನ್’ (2003) ಅಂತ ಹೆಸರಿಟ್ಟರು. ಆಯ್ದಾನ್ ಅಂದರೆ ಬಿದಿರಿನಿಂದ ಹೆಣೆದ ಬುಟ್ಟಿ, ಮೊರದಂಥ ಸಾಮಾನು. ತಾಯಿ ಬುಟ್ಟಿ ಹೆಣೆದದ್ದಕ್ಕೂ ತಾವು ಬರೆಯುವುದಕ್ಕೂ ಒಳಸಂಬಂಧ ಇದೆ ಅನ್ನುತ್ತಾರೆ. ಮೆಚ್ಚಿನ ಲೇಖಕಿ ಸಿಗದಿದ್ದರೆ ಮೆಚ್ಚಿನ ಕೈ ಸಿಕ್ಕರೂ ಸಾಕು ಅಂತ ನಾನು ಇದನ್ನು ಓದಿಕೊಂಡಿದ್ದೇನೆ.

ಕ್ರಿಯಾಪದದ ತುದಿಯ ಮಾತು ಅರ್ಧಕ್ಕೆ ನಿಂತಿತ್ತು. ಗೌಡರಿಗೂ ‘ಬಂದ’ ಅಂತ ಬರೆದರೆ ಆಯಿತಲ್ಲ ಅಂತ ಕೆಲವರು ಸುಲಭ ದಾರಿ ಹಿಡಿಯುತ್ತಾರೆ. ಅದು ಕತೆಗಾರನ ಧೈರ್ಯ, ಕೇರಿಯ ಮಾತಲ್ಲ. ಚಾಮರಾಜನಗರದ ಕಡೆಯ ಒಬ್ಬಳು ಹುಡುಗಿ ತನ್ನ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದು ಕೂತು ಕೇಳಿ ಕೇಳಿ ಬರೆದಳು. ಅಜ್ಜಿಯನ್ನೇ ಅನುಕರಿಸಿದಳು, ಲೇಖಕರನ್ನಲ್ಲ. ಅವಳ ಕತೆಯಲ್ಲಿ ಒಂದು ಸಾಲಿತ್ತು: ‘ಗೌಡ್ರು ಬಂದ್ರು, ಬೇಲಿ ತಾವೇ ನಿಂತ್ರು, ನಾಳಿಕೆ ಆಳು ಬೇಕು ಅಂದ್ರು, ತಿರುಗ್ಕಂಡು ಹೋದ.’ ಎದುರಿಗಿರುವವರೆಗೆ ‘ರು’, ಬೆನ್ನು ತಿರುಗಿದ ಕೂಡಲೆ ಇಲ್ಲ. ಆ ಅಜ್ಜಿ ಆಯುಷ್ಯವಿಡೀ ಮಾತಾಡಿರುವುದು ಹೀಗೆ. ನಮ್ಮ ಕಾದಂಬರಿಗಳ ನಿರೂಪಕನಿಗೆ ಇದು ಗೊತ್ತಿಲ್ಲ, ಅವನು ಗೌಡರ ಮುಂದೆಯೂ ಹಿಂದೆಯೂ ಒಂದೇ ವಚನ ಬಳಸುತ್ತಾನೆ.

ಕತೆ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಕರಡು ತಿದ್ದಿದವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಕೊನೆಯ ಪದವನ್ನು ‘ಹೋದ್ರು’ ಅಂತ ಸರಿಮಾಡಿದ್ದರು. ಹುಡುಗಿ ತನ್ನ ಪ್ರತಿಯಲ್ಲಿ ಅದನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದ ಖಾಲಿ ಜಾಗದಲ್ಲಿ ‘ಹೋದ’ ಅಂತ ಬರೆದು ನನಗೆ ಕಳಿಸಿದ್ದಳು. ಮುಂದಿನ ಕಮ್ಮಟದಲ್ಲಿ ಪ್ರತಿ ಮಾಡಲು ಕೊಡುವ ಪುಟಗಳ ಜೊತೆ ಆ ಹಾಳೆಯನ್ನೂ ಸೇರಿಸಿಕೊಂಡಿದ್ದೇನೆ.